ದೇವರು ನೋಡಂಗಿಲ್ಲ ಅಂದ್ರ ಲೆಕ್ಕ ಯಾರಿಗೆ ಕೊಡೋದು?

ಪ್ರಶ್ನೆ: ಸರ್, ನನಗ 29 ವರ್ಷ, ಜಮಖಂಡಿ ಹತ್ರ ಊರು, ಒಂದು ಪತ್ತಿನ ಸೊಸೈಟಿಯೊಳಗ ಕ್ಲರ್ಕ್ ಅದೀನಿ. ಕೆಲವು ವರ್ಷದಿಂದ ದೇವರ ಮ್ಯಾಲಿನ ನಂಬಿಕಿ ಹೋಗೈತಿ, ಯಾರ ಮ್ಯಾಲೂ ಸಿಟ್ಟಿಲ್ಲ, ಸುಮ್ನ ಹೋಗೈತಿ ಅಷ್ಟ. ನಮ್ಮಪ್ಪ ಅಂತಾರ, ದೇವರ ಅಂಜಿಕಿ ಇಲ್ಲದಾಂವ ಯಾವಾಗ ಏನ್ ಮಾಡ್ತಾನೋ ಹೇಳಾಕ ಬರಾಂಗಿಲ್ಲ ಅಂತ. ಖರೇ ಅಂದ್ರ ನನಗೂ ಅದ ಚಿಂತಿ. ಸರಿ ತಪ್ಪು ನಾನ ಠರಾಯಿಸೋದಾದ್ರ ನನಗ ಅನುಕೂಲ ಆದಂಗ ನಾನ ತಿದ್ದಬಹುದಲ್ಲ? ಮಾರ್ಚ್ ಬಂದ್ರ ನಮ್ಮ ಆಫೀಸಿನ್ಯಾಗ ಕಟ್ಟಲಾರದ ಸಾಲಾನ ಹೊಸ ಸಾಲ ಅಂತ ತಿರುವಿ ಬರ್ಯಾಕ ಹಚ್ತಾರ, ಎಲ್ಲಾರೂ ಬರೀತಾರ, ನಾನೂ ಬರೀತೀನಿ. ಯಾರಿಗೂ ಲುಕ್ಸಾನ ಇಲ್ಲ ಅಂತ ಮನಸ್ಸಿಗೆ ಹೇಳ್ಕೊಂತೀನಿ. ಮಗಳಿಗೆ ಈಗ ನಾಕು ವರ್ಷ, ಆಕಿಗೆ ಏನಂತ ಕಲಿಸ್ಲಿ?

ಉತ್ತರ: ನೀವು ಒಂದೇ ಪ್ರಶ್ನೆ ಅಂತ ತಿಳ್ಕೊಂಡಿರೋದು ಎರಡು ಪ್ರಶ್ನೆ ಅದ. ತಂದೆಯವರು ಹೇಳೋದು, ಅಂಜಿಕಿ ಹೋದ್ರ ಮನುಷ್ಯಾ ಹಾದಿ ತಪ್ತಾನ ಅಂತ. ನೀವು ಕೇಳೋದು, ನಿಯಮ ಬರಿಯಾಂವನೂ ನಾನ ಅಳಸಾಂವನೂ ನಾನ ಆದ್ರ ಅದಕ್ಕ ನಿಯಮ ಅಂತ ಹ್ಯಾಂಗ ಅನ್ನೋದು ಅಂತ. ತಂದೆಯವರ ಮಾತಿಗೆ ಉತ್ತರ ಸಸಾರ ಅದ. ನಿಮ್ಮದು ಖರೇನ ಬಿರಿ ಪ್ರಶ್ನೆ, ನಾಸ್ತಿಕರು ಅಂತ ಎದಿ ತಟ್ಕೊಳ್ಳೋರು ಭಾಳ ಮಂದಿ ಅದನ್ನ ಕೇಳ್ಕೊಳ್ಳೋದ ಇಲ್ಲ. ಹಿಂಗಾಗಿ ಸಸಾರದ್ದು ಮೊದಲು ಮುಗಿಸ್ತೀನಿ.

ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1776ರಾಗ ಹಾಸಿಗಿ ಹಿಡಿದಾಗ ಜೇಮ್ಸ್ ಬಾಸ್ವೆಲ್ ಅನ್ನೋ ಲೇಖಕ ಮಾತಾಡಸ್ಲಿಕ್ಕೆ ಹೋದ, ಸಾವು ಬಾಗ್ಲಿಗೆ ಬಂದು ನಿಂತಾಗರೆ ಈ ಮನುಷ್ಯಾ ದೇವರು ಪರಲೋಕ ಅಂತಾನೇನು ಅಂತ ನೋಡೋದು ಅವನ ಮನಸ್ಸಿನ್ಯಾಗ ಇತ್ತು. ಹ್ಯೂಮ್ ಆರಾಮ ನಗಚಾಟಿಕಿ ಮಾಡ್ಕೋತ ಕೂತಿದ್ದ, ಸತ್ತ ಮ್ಯಾಲ ಏನೂ ಇಲ್ಲ ಅಂತನ ಅಂದ, ಗಾಬ್ರಿ ಆದಾಂವ ಬಾಸ್ವೆಲ್. ಹ್ಯೂಮ್ ತೀರಿಕೊಂಡ ಮ್ಯಾಲ ಅವನ ಗೆಳೆಯ ಆಡಂ ಸ್ಮಿತ್, ಅರ್ಥಶಾಸ್ತ್ರದ ಪಾಠದಾಗ ಬರೋ ಆಡಂ ಸ್ಮಿತ್ ಅವನ, ಮನುಷ್ಯಾನ ಕೈಲೆ ಆಗೋವಷ್ಟು ವಿವೇಕಿ ಸದ್ಗುಣಿ ಆಗಿದ್ದ ಅಂತ ಒಂದು ಕಾಗದ ಬರ್ದ, ಆ ಒಂದು ಕಾಗದಕ್ಕ ಬೈಸ್ಕೊಂಡಷ್ಟು ತನ್ನ ದೊಡ್ಡ ಗ್ರಂಥಕ್ಕೂ ಬೈಸ್ಕೊಳ್ಳಲಿಲ್ಲ. ಇನ್ನ ನಮ್ಮ ಭಗತ್ ಸಿಂಗ್, 1930ರಾಗ ಲಾಹೋರ್ ಜೈಲಿನ್ಯಾಗ ಕೂತು ನಾ ಯಾಕ ನಾಸ್ತಿಕ ಅಂತ ಬರ್ದು 1931ರ ಮಾರ್ಚ್ 23ಕ್ಕ ಗಲ್ಲಿಗೆ ಹೋದ, ಸ್ವರ್ಗದ ಆಸೆ ಇಲ್ಲ, ಮುಂದಿನ ಜನ್ಮದ ಆಸೆನೂ ಇಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದ ಎಚ್. ನರಸಿಂಹಯ್ಯನವರು 1976ರಾಗ ಪವಾಡ ತನಿಖೆಗೆ ಸಮಿತಿ ಮಾಡಿದವರು, ಬಾಳೆಲ್ಲಾ ಹಾಸ್ಟೆಲ್ ಖೋಲ್ಯಾಗ ಕಳೆದ್ರು. ಅವರ ಪ್ರಾಮಾಣಿಕತೆ ಮ್ಯಾಲ ಅವರ ವಿರೋಧಿಗಳೂ ಬಟ್ಟು ಮಾಡಲಿಲ್ಲ. ಈ ಕಡೆ ಗಲ್ಲೆದ ಮ್ಯಾಲ ಲಕ್ಷ್ಮಿ ಫೋಟೋಕ್ಕ ಊದಿನಕಡ್ಡಿ ಹಚ್ಚಿ ತಕ್ಕಡಿ ಒತ್ತೋ ಮಂದಿನ ನಿಮ್ಮ ತಂದೆಯವರೂ ನೋಡೇ ಇರ್ತಾರ. ನಮ್ಮ ಕಾನೂನಂತೂ ಈ ಅಂಜಿಕಿ ಸಿದ್ಧಾಂತ ಯಾವಾಗೋ ಬಿಟ್ಟದ, ಕೋರ್ಟಿನ್ಯಾಗ ಸಾಕ್ಷಿ ಹೇಳೋರು ದೇವರ ಹೆಸರಿನ್ಯಾಗ ಆಣಿ ಮಾಡೋದು ಬ್ಯಾಡಾಗಿದ್ರ ಬರೇ ಪ್ರತಿಜ್ಞೆ ಮಾಡ್ಲಿಕ್ಕೆ 1969ರ ಪ್ರಮಾಣ ಕಾಯ್ದೆಯೊಳಗ ಅವಕಾಶ ಅದ, ರಾಷ್ಟ್ರಪತಿಗೂ ಸಂವಿಧಾನ ಎರಡೂ ಆಯ್ಕೆ ಕೊಟ್ಟದ.

ಇದರಿಂದ ಏನ್ ಸಾಬೀತಾತು ಅಂದ್ರ ಭಾಳ ಅಲ್ಲ. ದೇವರಿಲ್ಲದೆ ಒಳ್ಳೆಯವರು ಆಗ್ಲಿಕ್ಕೆ ಬರ್ತದ ಅಂತ ಅಷ್ಟ, ತಾನಾಗೇ ಆಗ್ತಾರ ಅಂತ ಅಲ್ಲ.

ಇನ್ನೊಂದು ಮಾತು, ಸರಿ ತಪ್ಪು ಅನ್ನೋದು ದೇವರ ಅಪ್ಪಣೆಯಿಂದ ಹುಟ್ಟತದೇನು ಅನ್ನೋದು. ಸುಮಾರು 2400 ವರ್ಷದ ಹಿಂದ ಪ್ಲೇಟೋ ಇದನ್ನ ಒಂದು ಸಂಭಾಷಣೆಯೊಳಗ ಇಟ್ಟಾನ. ಯೂಥಿಫ್ರೋ ಅನ್ನಾಂವ ಸ್ವಂತ ಅಪ್ಪನ ಮ್ಯಾಲ ಕೊಲೆ ಕೇಸ್ ಹಾಕ್ಲಿಕ್ಕೆ ಹೊಂಟಾನ, ಇದು ಪುಣ್ಯದ ಕೆಲಸ ಅಂತಾನ, ಆಗ ಸಾಕ್ರೆಟಿಸ್ ಕೇಳ್ತಾನ, ದೇವರು ಮೆಚ್ಚತಾರಂತ ಅದು ಪುಣ್ಯನೋ, ಪುಣ್ಯ ಅದ ಅಂತ ದೇವರು ಮೆಚ್ಚತಾರೋ. ಮೊದಲನೇದು ಅಂದ್ರ ನಾಳೆ ದೇವರು ಸುಳ್ಳು ಮೆಚ್ಚಿದ್ರ ಸುಳ್ಳೂ ಪುಣ್ಯ ಆಗ್ಬೇಕು. ಎರಡನೇದು ಅಂದ್ರ ಸರಿ ಅನ್ನೋದಕ್ಕ ದೇವರಿಗಿಂತ ಮೊದಲಿನ ಒಂದು ಆಧಾರ ಇರ್ಬೇಕು. ಯೂಥಿಫ್ರೋಗೆ ಉತ್ತರ ಸಿಗಲಿಲ್ಲ, ಕೆಲಸ ಅದ ಅಂತ ಹೇಳಿ ಎದ್ದು ಹೋದ.

ಇದು ಬರೇ ಗ್ರೀಕರ ತರ್ಕ ಅಂತ ತಿಳೀಬ್ಯಾಡ್ರಿ, ನಮ್ಮ ಸುತ್ತಮುತ್ತಲಿನ ಜಿಲ್ಲೆಯೊಳಗ ಇದು ಜೀವಂತ ಇದ್ದ ಪ್ರಶ್ನೆ. ಸವದತ್ತಿ ಎಲ್ಲಮ್ಮನ ಹೆಸರಿನ್ಯಾಗ ಸಣ್ಣ ಹುಡುಗ್ಯಾರಿಗೆ ಮುತ್ತು ಕಟ್ಟತಿದ್ರು, ಅಂದ್ರ ದೇವದಾಸಿ ಬಿಡತಿದ್ರು, ಅದು ದೇವಿ ಇಚ್ಛಾ ಅಂತ ಮನಿಯವರೂ ನಂಬ್ತಿದ್ರು, ಮುತ್ತು ಕಟ್ಟಿಸ್ಕೊಂಡಾಕಿನೂ ನಂಬ್ತಿದ್ದಳು. ಕರ್ನಾಟಕದಾಗ 1982ರ ಕಾಯ್ದೆ ಅದನ್ನ ಅಪರಾಧ ಅಂತು. ಅದರ ವಿರುದ್ಧ ದನಿ ಎತ್ತಿದವರೊಳಗ ದಿನಾ ಪೂಜಿ ಮಾಡೋ ಮಂದಿನೂ ಇದ್ರು. ಅವರು ಯಾವ ಆಧಾರದ ಮ್ಯಾಲ ದೇವರ ಹೆಸರಿನ ಪದ್ಧತಿನ ತಪ್ಪು ಅಂದ್ರು? ಆ ಹುಡುಗಿಗೆ ಏನಾಗ್ತದ ಅನ್ನೋದನ್ನ ಕಣ್ಣಾರೆ ನೋಡಿ ಅಂದ್ರು. ಅಂದ್ರ ಭಕ್ತರ ಕಡೆನೂ ಆ ಇನ್ನೊಂದು ಆಧಾರ ಮೊದಲಿನಿಂದ ಇತ್ತು. ನಿಮ್ಮ ಕಡೆ ಈಗ ಉಳಿದಿರೋದು ಅದ ಒಂದು, ಫರಕ್ ಅಷ್ಟ.

ಜೈನರನ್ನ ನೋಡ್ರಿ. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿ 1204ರದ್ದು, ಅದಕ್ಕಿಂತ ಎಷ್ಟೋ ಶತಮಾನ ಮೊದಲಿನಿಂದ ಜಗತ್ತು ಹುಟ್ಟಿಸಿದ ದೇವರು ಅಂತ ಯಾರೂ ಇಲ್ಲ ಅನ್ನೋದು ಅವರ ಸಿದ್ಧಾಂತ, ಆದ್ರ ಹಿಂಸೆ ಬಗ್ಗೆ ಅವರಷ್ಟು ಕಟ್ಟುನಿಟ್ಟು ಇನ್ಯಾರೂ ಇಲ್ಲ. ಕರ್ಮ, ಮರುಜನ್ಮ ಅವರಿಗೂ ಅದ, ಅದು ಧರ್ಮನ, ನಿಮ್ಮ ಪರಿಸ್ಥಿತಿ ಅಲ್ಲ, ಆದ್ರೂ ಅಪ್ಪಣೆ ಕೊಡಾಂವ ಇಲ್ಲದೆ ಶಿಸ್ತು ಇರ್ತದ ಅನ್ನೋದಕ್ಕ ನಮ್ಮ ಓಣಿಯೊಳಗಿನ ಸಾಕ್ಷಿ. ಮತ್ತ ಬಸವಣ್ಣನವರ ಆ ಏಳು ಬ್ಯಾಡದ ವಚನ ನಿಮಗ ಬಾಯಿಪಾಠ ಇರ್ತದ, ಕಳಬೇಡ ಕೊಲಬೇಡದ್ದು. ಕೂಡಲಸಂಗಮದೇವ ಬರೋದು ಕಡೀ ಸಾಲಿನ್ಯಾಗ. ಬಸವಣ್ಣನವರಿಗೆ ಆ ಕಡೀ ಸಾಲೇ ಸರ್ವಸ್ವ, ಅದನ್ನ ನಾವು ಅಳಸ್ಲಿಕ್ಕೆ ಹೋಗಬಾರದು, ಅದು ಅವರ ಮಾತಿಗೆ ಮಾಡೋ ಅನ್ಯಾಯ. ಆದ್ರ ಆ ಸಾಲು ನಂಬಲಾರದಾಂವಗೂ ಮೊದಲಿನ ಏಳು ಮಾತು ಪೂರಾ ತಿಳೀತಾವ, ಒಂದಕ್ಕೂ ಅರ್ಥ ಕಡಿಮಿ ಆಗಂಗಿಲ್ಲ.

ಮಂಗ್ಯಾಗೋಳಿಗೂ ನ್ಯಾಯದ ಅಂದಾಜು ಅದ, ಕೂಸಿಗೆ ಹುಟ್ಟತಾನ ಒಳ್ಳೇದು ಕೆಟ್ಟದ್ದು ಗೊತ್ತಿರ್ತದ, ಅದಕ್ಕ ಧರ್ಮ ಬೇಕಾಗಿಲ್ಲ ಅಂತ ವಾದ ಮಾಡೋರೂ ಸಿಗ್ತಾರ. ಇದರ ಮ್ಯಾಲ ಭಾಳ ಭಾರ ಹಾಕಬ್ಯಾಡ್ರಿ. ಸಹಾಯ ಮಾಡೋ ಗೊಂಬಿನ ಕೂಸುಗಳು ಆರಿಸ್ಕೊಂಡವು ಅಂತ 2007ರಾಗ ಒಂದು ಪ್ರಯೋಗ ಭಾಳ ಹೆಸರು ಮಾಡಿತ್ತು, ಆಮ್ಯಾಲ ಭಾಳಷ್ಟು ಲ್ಯಾಬ್ ಕೂಡಿ ದೊಡ್ಡದಾಗಿ ಮತ್ತ ಮಾಡಿದಾಗ ಆ ಫಲಿತಾಂಶ ಬರಲಿಲ್ಲ. ಮತ್ತ ಹುಟ್ಟಿನಿಂದ ಬಂದದ್ದೆಲ್ಲಾ ಒಳ್ಳೇದು ಅಂದ್ರ ನಮ್ಮವರು ತಮ್ಮವರು ಅನ್ನೋ ಚಟಾನೂ ಹುಟ್ಟಿನಿಂದನ ಬಂದದ, ಜಾತಿ ಅದರ ಮ್ಯಾಲ ನಿಂತದ. ಇರೋದು ಹಿಂಗ ಅದ ಅಂದ ಮಾತ್ರಕ್ಕ ಇರಬೇಕಾದ್ದೂ ಹಿಂಗ ಅಂತ ಜಿಗಿಲಿಕ್ಕೆ ಬರಂಗಿಲ್ಲ, ಹ್ಯೂಮ್ ಇದನ್ನ 1740ರ ಹೊತ್ತಿಗೇ ಹೇಳಿದ್ದ.

ಈಗ ನಿಮ್ಮ ಪ್ರಶ್ನೆ. ನನ್ನ ನಿಯಮ ನಾನ ತಿದ್ದಬಹುದಲ್ಲ ಅಂತ.

ತಿದ್ದಬಹುದು, ತಿದ್ದತೀರಿ, ಈಗಾಗಲೇ ತಿದ್ದೀರಿ. ಯಾರಿಗೂ ಲುಕ್ಸಾನ ಇಲ್ಲ ಅಂತ ಮನಸ್ಸಿಗೆ ಹೇಳ್ಕೊಂತೀನಿ ಅಂತ ನೀವ ಬರ್ದೀರಲ್ಲ, ಅದ ತಿದ್ದೋದು ಅಂದ್ರ. ಆದ್ರ ಇದು ನಂಬಿಕಿ ಹೋದದ್ದಕ್ಕ ಬಂದ ರೋಗ ಅಲ್ಲ, ದೇವರನ್ನ ನಂಬೋರೂ ಹುಂಡಿಗೆ ಒಂದಿಷ್ಟು ಹಾಕಿ ದೇವರನ್ನೂ ತಮ್ಮ ಅನುಕೂಲಕ್ಕ ತಿದ್ದಿಕೊಂತಾರ. ತೊಡಕು ಇರೋದು ನಿಯಮ ಎಲ್ಲಿಂದ ಬಂತು ಅನ್ನೋದರಾಗ ಅಲ್ಲ, ಅದನ್ನ ತಪಾಸ್ ಮಾಡೋರು ಯಾರು ಅನ್ನೋದರಾಗ. ಕಬ್ಬಿನ ಸೀಜನ್ನಿನ್ಯಾಗ ನಿಮ್ಮ ಕಡೆ ರೈತರು ಏನ್ ಮಾಡ್ತಾರ, ಫ್ಯಾಕ್ಟರಿ ಕಾಟಾದ ಮ್ಯಾಲ ಭರೋಸಾ ಇರಂಗಿಲ್ಲ ಅಂತ ಟ್ರ್ಯಾಕ್ಟರ್ ಮೊದಲು ಹೊರಗಿನ ಕಾಟಾದ ಮ್ಯಾಲ ಹತ್ತಿಸಿ ಚೀಟಿ ಇಸ್ಕೊಂಡು ಆಮ್ಯಾಲ ಒಳಗ ಹೋಗ್ತಾರ, ಯಾಕಂದ್ರ ಲಾಭ ಯಾರದೋ ಅವರ ಕಾಟಾ ಒಂದ ಇದ್ರ ಅದು ತೂಕ ಅಲ್ಲ. ನಿಮ್ಮ ಮನಸ್ಸಾಕ್ಷಿನೂ ಅಷ್ಟ, ಅದು ನಿಮ್ಮದ ಕಾಟಾ. ಅದು ಬೇಕು, ಆದ್ರ ಹೊರಗ ಒಂದು ಸಲ ತೂಗಸ್ಲಿಕ್ಕೇಬೇಕು.

ನನ್ನ ಉತ್ತರದಾಗ ನೀವು ಒಂದೇ ಮಾತು ಇಟ್ಕೊಳ್ಳೋದಾದ್ರ ಇದನ್ನ ಇಟ್ಕೊಳ್ರಿ. ಸ್ವಂತದ್ದೊಂದು ನೈತಿಕತೆ ಕಟ್ಕೊಳ್ಳಬಹುದು, ಆದ್ರ ಅದನ್ನ ಒಬ್ಬಂಟಿಯಾಗಿ, ಗುಟ್ಟಿನ್ಯಾಗ ಕಟ್ಕೊಳ್ಳಿಕ್ಕೆ ಬರಂಗಿಲ್ಲ. ಧರ್ಮ ಬಿಟ್ಟು ನೀತಿ ಬಗ್ಗೆ ಯೋಚನೆ ಮಾಡಿದ ದೊಡ್ಡವರೆಲ್ಲಾ ಬ್ಯಾರೆ ಬ್ಯಾರೆ ಹಾದಿ ಹಿಡಿದು ಈ ಹೊರಗಿನ ಕಾಟಾನ ಹುಡುಕ್ಯಾರ. ಆಡಂ ಸ್ಮಿತ್ 1759ರಾಗ ಹೇಳಿದ್ದು, ನಿನ್ನ ಕಡೆನೂ ಇಲ್ಲದ ಎದುರಿನವರ ಕಡೆನೂ ಇಲ್ಲದ ಒಬ್ಬ ನೋಡುಗ ಇದ್ದಾನ ಅಂತ ತಿಳಿ, ಅವನ ಕಣ್ಣಿಗೆ ಇದು ಹ್ಯಾಂಗ ಕಾಣತದ ಕೇಳ್ಕೋ ಅಂತ. ಜರ್ಮನಿಯ ತತ್ವಜ್ಞಾನಿ ಕಾಂಟ್ 1785ರಾಗ, ನೀ ಮಾಡೋದನ್ನ ಎಲ್ಲಾರೂ ಮಾಡಿದ್ರ ನಡೀತದೇನು, ಮತ್ತ ಯಾವ ಮನುಷ್ಯಾನ್ನೂ ಬರೇ ನಿನ್ನ ಕೆಲಸಕ್ಕ ಬರೋ ಸಾಮಾನು ಮಾಡ್ಕೋಬ್ಯಾಡ ಅಂದ. ಇಂಗ್ಲೆಂಡಿನ ತತ್ವಜ್ಞಾನಿ ಬೆಂಥಮ್ ಕಡೆಯವರು, ಇದರಿಂದ ಯಾರ್ಯಾರಿಗೆ ಎಷ್ಟು ಸುಖ ಎಷ್ಟು ದುಃಖ ಎಲ್ಲಾ ಲೆಕ್ಕ ಹಾಕು, ನಿಂದೂ ಒಂದೇ ಪಾಲು ಅಂತಾರ. ಅಮೆರಿಕದ ತತ್ವಜ್ಞಾನಿ ಸ್ಕ್ಯಾನ್ಲನ್ 1998ರಾಗ ಬರ್ದದ್ದು ನನಗ ಎಲ್ಲಾಕಿಂತ ಕೈಗೆ ಸಿಗೋ ಹಂಗ ಅನ್ನಿಸ್ತದ, ನೀ ಮಾಡಿದ್ದನ್ನ ಅದರಿಂದ ತೊಂದ್ರಿ ಆಗೋ ಮನುಷ್ಯಾನ ಮುಂದ ಕಾರಣ ಕೊಟ್ಟು ಹೇಳ್ಲಿಕ್ಕೆ ಬರ್ತದೇನು, ಆ ಕಾರಣನ ಅವರು ನ್ಯಾಯವಾಗಿ ತಳ್ಳಿಹಾಕಲಾರದಂಗ ಇರ್ತದೇನು ಅಂತ.

ಈ ಪೈಕಿ ಒಬ್ಬರನ್ನ ಆರಿಸಿ ಜೈ ಅನ್ನೋದು ಬ್ಯಾಡ. ಕಾಂಟ್ 1797ರಾಗ ಕೊಲೆಗಾರ ಬಂದು ನಿನ್ನ ಗೆಳೆಯ ಎಲ್ಲಿದ್ದಾನ ಅಂದ್ರೂ ಸುಳ್ಳು ಹೇಳಬಾರದು ಅಂದಾಂವ, ಅಲ್ಲಿ ನಾ ಅವನ ಕೈ ಬಿಡ್ತೀನಿ. ಬೆಂಥಮ್ ಲೆಕ್ಕದಾಗ ನೂರು ಮಂದಿ ಖುಷಿ ಸಲುವಾಗಿ ಒಬ್ಬಾಂವನ ಕುತ್ತಿಗಿ ಹಿಚುಕೋದೂ ಜಮಾ ಆಗಿಬಿಡೋ ಧೋಕಾ ಅದ. ಆದ್ರ ನಾಕೂ ಮಂದಿ ನಿಮ್ಮ ಬಾಯಿಂದ ನಿಮ್ಮನ್ನ ಬಿಟ್ಟು ಇನ್ನೊಬ್ಬರ ಹೆಸರು ತೆಗಸ್ತಾರ, ಅದಕ್ಕ ಅವರು ಉಪಯೋಗ.

ಆ ಸಾಲದ ಬುಕ್ಕಿಗೆ ಬರ್ರಿ. ಯಾರಿಗೂ ಲುಕ್ಸಾನ ಇಲ್ಲ ಅಂತೀರಿ. ಮಳಿ ಹೋಗಿ ಬೆಳಿ ಬರಲಿಲ್ಲ, ರೈತಗ ಟೈಮ್ ಬೇಕು, ಆಡಳಿತ ಮಂಡಳಿ ಠರಾವು ಮಾಡಿ ಬುಕ್ಕಿನ್ಯಾಗ ಖುಲ್ಲಾ ತೋರಿಸಿ ಮುದ್ದತು ಮುಂದ ಹಾಕಿದ್ರ ಅದು ತಪ್ಪಲ್ಲ, ಎಷ್ಟೋ ಸಲ ಅದ ಮಾನವೀಯ ಕೆಲಸ. ನೀವು ಹೇಳೋದು ಅದಲ್ಲ. ಹಳೇದು ತೀರೇತಿ ಅಂತ ತೋರಿಸಿ ಹೊಸಾದು ಕೊಟ್ಟೇವಿ ಅಂತ ಬರೆಯೋದು, ಅಂದ್ರ ಸೊಸೈಟಿ ಗಟ್ಟಿ ಅದ ಅಂತ ಠೇವಣಿ ಇಟ್ಟವರಿಗೆ ಸುಳ್ಳು ಹೇಳೋದು. ಅವರು ಯಾರು? ರಿಟೈರ್ ಆದ ಮಾಸ್ತರು, ಮಗಳ ಲಗ್ನಕ್ಕ ಅಂತ ಉಳ್ಳಾಗಡ್ಡಿ ರೊಕ್ಕ ಇಟ್ಟಾಂವ, ಗಂಡ ಹೋದ ಮ್ಯಾಲ ಬಂದ ಇನ್ಸೂರೆನ್ಸ್ ರೊಕ್ಕ ಇಟ್ಟ ಅವ್ವ. ಬ್ಯಾಂಕಿನ್ಯಾಗ ಇಟ್ಟಿದ್ರ ಒಬ್ಬೊಬ್ಬರಿಗೆ 5 ಲಕ್ಷದ ತನಕ ಠೇವಣಿ ವಿಮೆ ಅದ, 2020ರ ತನಕ 1 ಲಕ್ಷ ಇತ್ತು, ಸಹಕಾರಿ ಬ್ಯಾಂಕಿಗೂ ಅದ. ಪತ್ತಿನ ಸೊಸೈಟಿಗೆ ಆ ವಿಮೆ ಇಲ್ಲ. ಮುಳುಗಿದ ದಿನ ಬಾಗ್ಲ ಮುಂದ ಪಾಸ್‌ಬುಕ್ ಹಿಡ್ಕೊಂಡು ನಿಂದ್ರೋರು ಅವರ. ಈಗ ಸ್ಕ್ಯಾನ್ಲನ್ ಪ್ರಶ್ನೆ ಆ ಅವ್ವನ ಮುಂದ ನಿಂತು ಕೇಳ್ಕೊಳ್ರಿ, ಎಲ್ಲಾರೂ ಬರೀತಿದ್ರು ಅವ್ವಾ ಅಂತ ಹೇಳ್ಲಿಕ್ಕೆ ಬಾಯಿ ಬರ್ತದೇನು. ದೇವರು ನೋಡ್ತಾನೋ ಇಲ್ಲೋ, ಇಲ್ಲಿ ಅದರ ಮಾತೇ ಬರಲಿಲ್ಲ ನೋಡ್ರಿ.

ಹಂಗಂತ ನಾಳೆ ಹೋಗಿ ರಾಜೀನಾಮೆ ಮಾರಿ ಮ್ಯಾಲ ಒಗೀರಿ ಅಂತ ನಾ ಹೇಳೋದಿಲ್ಲ, ಮನಿಯಾಗ ಸಣ್ಣ ಕೂಸದ, ಕಂತು ಇರ್ತಾವ. ಹೀರೋಗಿರಿ ಮಾಡು ಅಂತ ಇನ್ನೊಬ್ಬರಿಗೆ ಹೇಳೋದು ಎಲ್ಲಾಕಿಂತ ಅಗ್ಗದ ಉಪದೇಶ. ಮ್ಯಾನೇಜರಿಗೆ ಲೇಖಿ ಆದೇಶ ಕೊಡ್ರಿ ಸರ್, ಬಾಯಿಮಾತಿನ ಮ್ಯಾಲ ನಾ ಬರೆಯಂಗಿಲ್ಲ ಅನ್ರಿ. ಅರ್ಧಕ್ಕರ್ಧ ಇಂಥ ಕೆಲಸ ಅಲ್ಲೇ ನಿಂದಿರ್ತಾವ, ಯಾಕಂದ್ರ ತಮ್ಮ ಸಹಿ ಅದರ ಮ್ಯಾಲ ಬೀಳೋದು ಯಾರಿಗೂ ಬೇಕಾಗಿರಂಗಿಲ್ಲ, ನಿಮ್ಮದೊಂದು ಬಿದ್ರ ಸಾಕಾಗಿರ್ತದ. ನಿಮ್ಮ ಸೊಸೈಟಿ 1959ರ ಕಾಯ್ದೆ ಕೆಳಗ ಇರ್ಲಿ 1997ರ ಸೌಹಾರ್ದ ಕಾಯ್ದೆ ಕೆಳಗ ಇರ್ಲಿ, ವರ್ಷಾ ಲೆಕ್ಕಪರಿಶೋಧನೆ ಆಗ್ಲಿಕ್ಕೇಬೇಕು, ಆಡಿಟರ್ ನಿಮ್ಮನ್ನ ಕೇಳಿದ್ರ ಸುಳ್ಳು ಹೇಳೋದಿಲ್ಲ ಅಂತ ಮೊದಲ ತಿಳಿಸಿ ಇಡ್ರಿ. ಈಗಾಗಲೇ ಬರ್ದಿರೋದರ ಬಗ್ಗೆ ಒಬ್ಬ ವಕೀಲರ ಜೊತಿ ಕೂತು ಮಾತಾಡ್ರಿ, ಅದು ನನ್ನ ವಿಷಯ ಅಲ್ಲ.

ಮತ್ತ ಇದನ್ನ ಮಾರ್ಚ್ 31ರ ಸಂಜೀಕ ಠರಾಯಿಸ್ತೀನಿ ಅನ್ನಬ್ಯಾಡ್ರಿ. 1973ರಾಗ ಅಮೆರಿಕದ ಪ್ರಿನ್ಸ್‌ಟನ್‌ನ್ಯಾಗ ಡಾರ್ಲಿ ಮತ್ತ ಬ್ಯಾಟ್ಸನ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಪಾದ್ರಿ ಆಗ್ಲಿಕ್ಕೆ ಓದ್ತಿದ್ದ ಹುಡುಗರನ್ನ ಪರೀಕ್ಷೆ ಮಾಡಿದ್ರು, ಇನ್ನೊಂದು ಬಿಲ್ಡಿಂಗಿಗೆ ಹೋಗಿ ಮಾತಾಡ್ರಿ ಅಂತ ಕಳಿಸಿದ್ರು, ಕೆಲವರಿಗೆ ಕೊಟ್ಟ ವಿಷಯ ಹಾದ್ಯಾಗ ಬಿದ್ದಾಂವಗ ಸಹಾಯ ಮಾಡಿದ ಪುಣ್ಯಾತ್ಮನ ಬೈಬಲ್ ಕತಿನ. ಹೋಗೋ ಹಾದ್ಯಾಗ ಒಬ್ಬಾಂವ ಕೆಮ್ಮಕೋತ ನರಳಕೋತ ಬಿದ್ದಿದ್ದ. ಅರ್ಜಂಟ್ ಇಲ್ಲ ಅಂತ ಹೇಳಿ ಕಳಿಸಿದವರೊಳಗ ಶೇ. 63 ಮಂದಿ ನಿಂತು ಕೇಳಿದ್ರು, ಲೇಟ್ ಆಗೇದ ಓಡ್ರಿ ಅಂದವರೊಳಗ ಶೇ. 10 ಮಂದಿ ಅಷ್ಟ. ಪುಣ್ಯಾತ್ಮನ ಕತಿ ಹೇಳ್ಲಿಕ್ಕೆ ಹೊಂಟೋರಿಗೂ ಬ್ಯಾರೆ ವಿಷಯದವರಿಗೂ ಹೇಳ್ಕೊಳ್ಳೋವಂಥ ಫರಕ್ ಕಾಣಲಿಲ್ಲ. ಪ್ರಯೋಗ ಸಣ್ಣದು, 40 ಮಂದಿದು, ಆದ್ರ ಮಾರ್ಚ್ ಕೊನೀ ವಾರ ನೋಡಿದ ಯಾವ ಕ್ಲರ್ಕಿಗೂ ಇದು ಹೊಸಾದು ಅನ್ಸಂಗಿಲ್ಲ. ಗಡಿಬಿಡಿಯೊಳಗ ಆಸ್ತಿಕ ನಾಸ್ತಿಕ ಎಲ್ಲಾ ಒಂದೇ. ಅದಕ್ಕ ನೀವು ಏನ್ ಮಾಡಂಗಿಲ್ಲ ಅನ್ನೋದನ್ನ ಫೆಬ್ರವರಿಯೊಳಗ ಠರಾಯಿಸಿ ಹೆಂಡತಿಗೆ ಹೇಳಿ ಇಡ್ರಿ, ಹೇಳಿದ ಮಾತು ತಿದ್ದೋದು ಕಷ್ಟ.

ಇಲ್ಲೇ ಧರ್ಮದ ಬಗ್ಗೆ ಒಂದು ಮಾತು ಒಪ್ಪಿಕೊಳ್ಳಲೇಬೇಕು, ನಾಸ್ತಿಕ ಗೆಳೆಯರಿಗೆ ಇದು ಸೇರಂಗಿಲ್ಲ. ಧರ್ಮ ಕೊಟ್ಟಿದ್ದು ಬರೇ ನಿಯಮ ಅಲ್ಲ, ನಿಯಮನ ಮತ್ತ ಮತ್ತ ಮಾಡಿಸೋ ವ್ಯವಸ್ಥಾ. ಮಠದ ದಾಸೋಹಕ್ಕ ಜೋಳ ಕೊಡೋ ದಿನ ಬಂತಂದ್ರ ನಿಮ್ಮ ಅಜ್ಜ ಕೊಡ್ತಿದ್ದ, ಮನಸ್ಸಿದ್ರೂ ಕೊಡ್ತಿದ್ದ ಇಲ್ಲದಿದ್ರೂ ಕೊಡ್ತಿದ್ದ. ನಂಬಿಕಿ ಬಿಟ್ಟವರು ಮೊದಲು ಬಿಡೋದು ಪೂಜಿ, ಅದರ ಜೊತಿಗೆ ಸುಳುವಿಲ್ಲದಂಗ ಈ ಕೊಡೋ ರೂಢಿನೂ ಬಿದ್ದು ಹೋಗ್ತದ, ಅದರ ಜಾಗಾದಾಗ ಏನೂ ಬರಂಗಿಲ್ಲ, ಬಂದ್ರ ಇನ್ನೊಬ್ಬರ ಪೂಜಿ ಮ್ಯಾಲ ಜೋಕ್ ಮಾಡೋದು ಬರ್ತದ. ಸದ್ಗುಣ ಅನ್ನೋದು ಮಾಡಿ ಮಾಡಿ ಬರೋದು, ನ್ಯಾಯದ ಕೆಲಸ ಮಾಡಿಕೋತ ನ್ಯಾಯವಂತ ಆಗ್ತಾನ ಅಂತ ಅರಿಸ್ಟಾಟಲ್ ಹೇಳಿದ್ದು ಇದನ್ನ. ಪಗಾರ ಬಂದ ದಿನ ಒಂದು ಭಾಗ ತೆಗೆದು ಗುರ್ತಿಲ್ಲದವರ ಆಸ್ಪತ್ರಿಗೋ ಸಾಲಿ ಫೀಗೋ ಹೋಗೋ ಹಂಗ ಮಾಡ್ರಿ, ಆ ತಿಂಗಳ ಮನಸ್ಸು ಕೇಳ್ಲಿಕ್ಕೆ ಹೋಗಬ್ಯಾಡ್ರಿ. ವರ್ಷಕ್ಕ ಎರಡು ಮೂರು ಸಲ ರಕ್ತ ಕೊಡ್ರಿ. ನೀವು ತಪ್ಪಿದಾಗ ಮಾರಿ ನೋಡಿ ಬೈಯೋವಂಥ ಒಬ್ಬ ಗೆಳೆಯನ್ನ ಇಟ್ಕೊಳ್ರಿ, ಅವನು ಭಕ್ತ ಇದ್ರೂ ನಡೀತದ, ಇದ್ರ ಇನ್ನೂ ಚಲೋ.

ತಂದೆಯವರ ಜೊತಿ ದೇವರು ಇದ್ದಾನ ಇಲ್ಲ ಅನ್ನೋ ವಾದಕ್ಕ ಇಳೀಬ್ಯಾಡ್ರಿ, ಅವರ ಚಿಂತಿ ದೇವರದ್ದಲ್ಲ, ನಿಮ್ಮದು. ಎಳ್ಳ ಅಮಾಸಿಗೆ ಹೊಲಕ್ಕ ಹೋಗಿ ಚರಗ ಚೆಲ್ಲಿ ಸಜ್ಜಿ ಕಡಬು ತಿನ್ನಲಿಕ್ಕೆ ಆಸ್ತಿಕ ಇರ್ಬೇಕಂತ ಏನೂ ಇಲ್ಲ. ಆದ್ರ ನೀ ನಂಬ್ತೀಯೇನು ಅಂತ ಅವರು ನೆಟ್ಟಗ ಕೇಳಿದ್ರ ಇಲ್ಲಪಾ ಅಂತ ಒಂದೇ ಮಾತಿನ್ಯಾಗ ಹೇಳ್ರಿ, ಅವರ ಸಮಾಧಾನಕ್ಕ ಅಂತ ಸುಳ್ಳು ಹೇಳಬ್ಯಾಡ್ರಿ, ನೀವು ಈಗ ಅವರಿಗೆ ತೋರಿಸ್ಬೇಕಾದ್ದ ಅದನ್ನ.

ಮಗಳಿಗೆ ದೇವರು ನೋಡ್ತಾನ ಅಂತ ಹೆದರಿಸಿ ಕಲಿಸೋದು ಭಾಳ ಸಸಾರ, ಅದಕ್ಕ ಎಲ್ಲಾರೂ ಮಾಡ್ತಾರ. ಆದ್ರ ಮಕ್ಕಳು ನಾವು ತಿಳಿದಷ್ಟು ದಡ್ಡರಲ್ಲ. ಲ್ಯಾರಿ ನುಚ್ಚಿ ಮತ್ತ ಎಲಿಯಟ್ ಟೂರಿಯಲ್ ಅನ್ನೋರು 1993ರಾಗ ಪ್ರಕಟ ಮಾಡಿದ ಅಧ್ಯಯನದಾಗ ಭಾಳ ಧಾರ್ಮಿಕ ಕ್ರಿಶ್ಚಿಯನ್, ಯಹೂದಿ ಮನಿ ಮಕ್ಕಳನ್ನ ಕೇಳಿದ್ರು, ದೇವರು ವಾರದ ವಿಶ್ರಾಂತಿ ದಿನ ಕೆಲಸ ಮಾಡಬ್ಯಾಡ ಅಂತ ಹೇಳದೇ ಇದ್ದಿದ್ರ ಮಾಡಬಹುದಿತ್ತೇನು, ಹೂಂ ಅಂದ್ವು. ದೇವರೇ ಕಳವು ಮಾಡು ಅಂತ ಹೇಳಿದ್ರ? ಹೆಚ್ಚಿನ ಮಕ್ಕಳು ಆಗಲೂ ಅದು ತಪ್ಪು ಅಂದ್ವು. ಯೂಥಿಫ್ರೋಗೆ ಹೊಳೀಲಾರದ್ದು ಸಾಲಿ ಹುಡುಗರಿಗೆ ಹೊಳದಿತ್ತು. ಮಾರ್ಟಿನ್ ಹಾಫ್‌ಮನ್ ಅನ್ನೋ ಮನಶ್ಶಾಸ್ತ್ರಜ್ಞ ವರ್ಷಾನುಗಟ್ಟಲೆ ಹೇಳಿದ್ದೂ ಇದಕ್ಕ ಹತ್ತಿರದ್ದ, ಹೊಡೆಯೋದಕ್ಕಿಂತ, ಮಾತು ಬಿಟ್ಟು ಸಿಟ್ಟಾಗೋದಕ್ಕಿಂತ, ನೀ ಮಾಡಿದ್ದಕ್ಕ ಎದುರಿನವರಿಗೆ ಏನಾತು ನೋಡು ಅಂತ ತೋರಿಸೋದು ಒಳಗ ಇಳೀತದ ಅಂತ. ಬಾಜು ಮನಿ ಹುಡುಗನ ಗೊಂಬಿ ಮುರಿದ್ರ ದೇವರು ಕಣ್ಣು ಕುಕ್ಕತಾನ ಅನ್ನೋದು ಬ್ಯಾಡ, ಅವನ ಮಾರಿ ನೋಡವ್ವಾ ಅನ್ರಿ, ಆಮ್ಯಾಲ ಆಕಿನ ಕರ್ಕೊಂಡು ಹೋಗಿ ತನ್ನ ಗೊಂಬಿ ಕೊಡಸ್ರಿ. ಅಳ್ತಾಳ. ಅಳ್ಲಿ.

ಅಜ್ಜ ದೇವರದಾನ ಅಂತಾನ, ನೀ ಇಲ್ಲ ಅಂತಿ, ಯಾರದು ಖರೇ ಅಂತ ಒಂದಿನ ಕೇಳೇ ಕೇಳ್ತಾಳ. ಅಜ್ಜ ಹಂಗ ತಿಳ್ಕೊಂಡಾರ, ನಾ ಹಿಂಗ ತಿಳ್ಕೊಂಡೀನಿ, ನೀ ದೊಡ್ಡಾಕಿ ಆದ ಮ್ಯಾಲ ಓದಿ ನೋಡಿ ನಿಂದು ಹೇಳು ಅಂದ್ರ ಸಾಕು, ಅಜ್ಜನ ಮುಂದನೂ ಅದ ಮಾತು ಅನ್ರಿ. ಆಕಿ ನಾಳೆ ಭಕ್ತಿ ಕಡೆ ಹೋದ್ರೂ ನಿಮ್ಮ ಕೆಲಸ ಕೆಟ್ಟಂಗಲ್ಲ. ಆದ್ರ ಆಕಿ ಅದನ್ನ ಕೇಳ್ಲಿಕ್ಕೆ ಇನ್ನೂ ಒಂದೆರಡು ವರ್ಷ ಟೈಮ್ ಅದ, ಮ್ಯಾನೇಜರ ಜೊತಿ ಮಾತಾಡೋದಕ್ಕ ಅಷ್ಟು ಟೈಮ್ ಇಲ್ಲ, ಮೊದಲು ಅದನ್ನ ಮಾಡ್ರಿ.